ಎದುರು ಗುಡ್ಡದ ಟ್ಯಾಂಕು

ಸಾನಪಾಡಾ,
ದಿನಾಂಕ: ೨೩ ಜನವರಿ ೨೦೨೫

ಚಿ. ಸೌ. ನಳಿನಾಕ್ಷಿಗೆ ಹಯಗ್ರೀವ ಭಟ್ಟನು ಮಾಡುವ ಆಶೀರ್ವಾದಗಳು.

ಸಂಘದ ಪತ್ರಿಕೆಗೆಂದು ನಿನ್ನ ತಂದೆ ಗುರುವಪ್ಪನವರ ಕುರಿತು ಬರೆದ ಶ್ರದ್ಧಾಂಜಲಿಯನ್ನು ನೀನು ‘ಭಾಷೆ ಸ್ವಲ್ಪ ನೋಡಿ ಕೊಡಿ ಮಾಮ’ ಎಂದು ಕಳುಹಿಸಿ ಹನ್ನೆರಡು ದಿನಗಳಾದವು. ವಿಳಂಬವನ್ನು ಮನ್ನಿಸತಕ್ಕದ್ದು. ನಡುವೆ ನಿನ್ನ ಮಾಮಿ ಸತ್ಯಭಾಮಾಳ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಆದರೆ ತಡವಾದದ್ದು ಅದರಿಂದಲ್ಲ.

ಭಾಷೆಯಲ್ಲಿ ತಿದ್ದಬೇಕಾದದ್ದು ಎರಡು ಅಲ್ಪವಿರಾಮಗಳು ಮಾತ್ರ. ಆದರೆ ‘ಅಪ್ಪನ ಸಂತೋಷಕ್ಕಾಗಿ ಹಯಗ್ರೀವ ಮಾಮ ಮೊಬೈಲ್ ಆಟದಲ್ಲಿ ದಿನವೂ ಬೇಕೆಂದೇ ಸೋತರು’ ಎಂಬ ವಾಕ್ಯವನ್ನು ತೆಗೆದುಹಾಕಬೇಕಾಗಿ ವಿನಂತಿ. ಅದು ಸತ್ಯಕ್ಕೆ ದೂರವಾದದ್ದು.

ಪಾರ್ಶ್ವವಾಯುವಾಗಿ ನಿಮ್ಮ ಕಳಂಬೋಲಿಯ ಮನೆಯಲ್ಲಿ ಮಲಗಿದ ಮೇಲೆ ನಿನ್ನ ತಂದೆಯವರ ಸ್ವಾಧೀನದಲ್ಲಿ ಉಳಿದದ್ದು ಎಡಗೈ ಒಂದೇ. ನಿನ್ನ ಮಗಳು ದಿಶಾ ಆ ಟ್ಯಾಂಕ್ ಆಟವನ್ನು ಇಬ್ಬರ ಫೋನಿಗೂ ಹಾಕಿಕೊಟ್ಟಳು. ಈ ಗುಡ್ಡದ ಮೇಲೆ ನನ್ನ ಟ್ಯಾಂಕು, ಎದುರು ಗುಡ್ಡದ ಮೇಲೆ ಅವರದು. ಗಾಳಿ ನೋಡಿ, ಕೋನ ಹಿಡಿದು, ಸರದಿಯಂತೆ ಗುಂಡು ಹಾರಿಸುವುದು. ಪ್ರತಿದಿನ ನಾಲ್ಕು ಗಂಟೆಗೆ ನಮ್ಮ ಯುದ್ಧ. ಮೊದಮೊದಲು ನಾನೇ ಗೆಲ್ಲುತ್ತಿದ್ದೆ. ಆಗ ನೀನು ಫೋನ್ ಮಾಡಿ, ‘ಮಾಮ, ಅಪ್ಪನಿಗೆ ಬೇರೆ ಏನುಂಟು? ಒಂದೊಂದು ಸಲ ಬಿಟ್ಟುಕೊಡಿ ಮಾರ್ರೆ’ ಎಂದೆ. ‘ಆಗಲಿ’ ಎಂದೆ ನಾನು. ಬಿಟ್ಟುಕೊಡಲಿಲ್ಲ. ಹೋಟೆಲ್ ಕಾರ್ಮಿಕರ ಅರ್ಜಿಗಳನ್ನು ನಲವತ್ತು ವರ್ಷ ಬರೆದವನು ನಾನು. ಸೋಲು ನನ್ನ ಕೈಗೆ ಬರುವುದಿಲ್ಲ.

ಗಣೇಶ ಚತುರ್ಥಿಯ ನಂತರ ಅವರೇ ಗೆಲ್ಲತೊಡಗಿದರು. ಮೊದಲ ಗುಂಡನ್ನು ಗಾಳಿಯ ಪರೀಕ್ಷೆಗೆಂದೇ ಹಾರಿಸಿ, ಎರಡನೆಯದರಲ್ಲಿ ನನ್ನನ್ನು ಉಡಾಯಿಸುತ್ತಿದ್ದರು. ಕೂಡಲೇ ಫೋನ್: ‘ಭಟ್ರೇ, ನಿಮ್ಮ ಗುಂಡು ಪನವೇಲಿಗೆ ಹೋಯ್ತಲ್ಲ! ಅಲ್ಲಿ ಯಾರ ಮೇಲೆ ಸಿಟ್ಟು?’ ತೊದಲುವ ನಾಲಗೆಯಲ್ಲಿ ಅಷ್ಟು ಹೇಳಿ, ಕೆಮ್ಮು ಬರುವವರೆಗೆ ನಗುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಆಡುತ್ತಿದ್ದೆ. ಬೆಳಗ್ಗೆ ಸತ್ಯಭಾಮಾ ಕಾಣದಂತೆ ಒಬ್ಬನೇ ಅಭ್ಯಾಸವನ್ನೂ ಮಾಡಿದೆ. ಆದರೂ ಸೋತೆ.

ಉತ್ತರಕ್ರಿಯೆಯ ದಿನ ನೀನು ಎಲ್ಲರೆದುರು ನನ್ನ ಪಾದ ಮುಟ್ಟಿ, ‘ಇವರು ದಿನಾ ಸೋತು ಅಪ್ಪನನ್ನು ನಗಿಸಿದವರು’ ಎಂದಾಗ ಬಂಧುಗಳೆಲ್ಲ ಕೈಮುಗಿದರು. ನಾನು ತಲೆಬಾಗಿಸಿ ಅದನ್ನು ಸ್ವೀಕರಿಸಿದೆ. ಆ ಗೆಲುವುಗಳು ಒಂದೂ ಬಿಡದೆ ನಿನ್ನ ತಂದೆಯವರ ಸ್ವಂತ ಸಂಪಾದನೆಯೆಂದು ಪತ್ರಿಕೆಯಲ್ಲಿ ಅಚ್ಚಾಗಬೇಕು. ಅಗತ್ಯವಿದ್ದರೆ ನನ್ನ ಹೆಸರು ಹಾಕಿಯೇ ಬರೆ.

ದಿಶಾಳ ಪರೀಕ್ಷೆ ಸುಗಮವಾಗಲಿ. ನಿನಗೂ ನಿನ್ನ ಮನೆಯವರಿಗೂ ದೇವರು ಆಯುರಾರೋಗ್ಯಗಳನ್ನು ಕರುಣಿಸಲಿ.

ಇತಿ,
ಹಯಗ್ರೀವ ಭಟ್

ತಾ.ಕ.: ತೀರಿಕೊಳ್ಳುವುದಕ್ಕೆ ಒಂಬತ್ತು ದಿನ ಮೊದಲು ಗುರುವಪ್ಪ ಫೋನ್ ಮಾಡಿದ್ದ. ‘ಭಟ್ರೇ, ನಳಿನಿ ಯಾರ ಹತ್ರವೋ ಹೇಳುದು ಕೇಳಿತು. ನೀವು ಬೇಕಂತಲೇ ಸೋಲುದಂತೆ. ಹೌದಾ?’ ಅಂದು ನಾನು ಸಾಲಾಗಿ ನಾಲ್ಕು ಆಟ ಸೋತಿದ್ದೆ. ‘ಹೌದು’ ಎಂದುಬಿಟ್ಟೆ. ‘ಹಾಗಾ’ ಎಂದು ಫೋನ್ ಇಟ್ಟ. ಮರುದಿನ ನಾಲ್ಕಕ್ಕೆ ಕಾದೆ, ಎದುರು ಗುಡ್ಡ ಖಾಲಿ. ‘ಅಪ್ಪ ಫೋನ್ ಮುಟ್ಟುದೇ ಇಲ್ಲ, ಗೋಡೆಗೆ ಮುಖ ಮಾಡಿ ಮಲಗ್ತಾರೆ, ಏನಾಯ್ತು ಮಾಮ?’ ಎಂದು ನೀನು ಕೇಳಿದೆ. ‘ಆಯಾಸವಿರಬೇಕು’ ಎಂದೆ.