ಉಡುಪು ಕಳಚುವ ಪಾಠ

ಕಿಸಬು ಆರೋಗ್ಯ ಕೇಂದ್ರ,
ಪಶ್ಚಿಮ ಉಗಾಂಡ,
ನವೆಂಬರ್ 22, 2018

ನನ್ನ ಬೆನ್ನ ಮೇಲೆ ಬೆಳೆದ ತಂಗಿ ಕಬುಗೊಗೆ,

ಹೇಗಿದ್ದೀಯ? ಆ ಗುಡ್ಡದ ಚಳಿಗೆ ಹೊದಿಕೆ ಸಾಲುತ್ತಿದೆಯೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲ ಬರೀ ಚಹಾ ಕುಡಿದು ದಿನ ದೂಡುತ್ತಿದ್ದೀಯೋ? ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ನೋವು ಇದ್ದದ್ದೇ. ಮರಗೆಣಸಿನ ಮುದ್ದೆ ತಿರುವಲು ಕೂತಾಗಲೆಲ್ಲ "ನನ್ನ ಮೇಷ್ಟ್ರಮ್ಮ ಉಂಡ್ಳೋ ಇಲ್ವೋ" ಅನ್ನುತ್ತಾಳೆ. ಮೇಷ್ಟ್ರಮ್ಮ ಎಂದರೆ ನೀನು. ನಾನು ಅವಳ ಎದುರಿಗೇ ಕೂತಿರುತ್ತೇನೆ. ನಾನು ಉಂಡೆನೋ ಎಂದು ಕೇಳುವ ನೆನಪು ಅವಳಿಗೆ ಬರುವುದಿಲ್ಲ.

ನೋಡು, ನಾಲ್ಕು ಸಾಲು ಬರೆಯುವಷ್ಟರಲ್ಲಿ ಹೊಟ್ಟೆಕಿಚ್ಚಿನ ಹೊಗೆ ಬಂದೇಬಿಟ್ಟಿತು. ಬರಲಿ. ಹದಿನೇಳು ವರ್ಷ ಈ ಕೇಂದ್ರದಲ್ಲಿ ನರ್ಸಾಗಿ ದುಡಿದವಳು ನಾನು. ಗಡಿಯಾಚೆ ಕಾಂಗೋದಲ್ಲಿ ಎಬೋಲಾ ಎದ್ದಿದೆ, ನಮ್ಮವರನ್ನೆಲ್ಲ ತಯಾರು ಮಾಡಬೇಕು ಎಂದು ಆಗಸ್ಟ್‌ನಲ್ಲಿ ಆದೇಶ ಬಂದಾಗ, ಕಲಿಸಲು ಕರೆಯುವುದು ನನ್ನನ್ನೇ ಎಂದು ನಂಬಿದ್ದೆ. ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಸಿಯೂ ಇಟ್ಟಿದ್ದೆ. ಬಂದದ್ದು ನಿನ್ನ ಹೆಸರು. ಕೆಲಸಕ್ಕೆ ಸೇರಿ ಮೂರು ವರ್ಷವಾದ ನಿನ್ನ ಹೆಸರು! ಜ್ವರ ನೋಡುವುದು ಹೇಗೆಂದು ನಿನಗೆ ಹೇಳಿಕೊಟ್ಟವಳು, ಸೂಜಿ ಹಿಡಿದಾಗ ನಡುಗುತ್ತಿದ್ದ ನಿನ್ನ ಕೈಯನ್ನು ಹಿಡಿದು ನಿಲ್ಲಿಸಿದವಳು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹಿಂದಿನ ಸಾಲಿನಲ್ಲಿ ಕೂರಬೇಕಾಯಿತು. ನೀನು ಮುಂದೆ ನಿಂತು ಮಾತಾಡಿದೆ. ಚೆನ್ನಾಗಿ ಮಾತಾಡಿದೆ ಎನ್ನುವುದೇ ನನ್ನನ್ನು ಹೆಚ್ಚು ಸುಟ್ಟದ್ದು. ತಪ್ಪಿದ್ದರೆ ನನಗೆ ಎಷ್ಟೋ ಹಾಯೆನಿಸುತ್ತಿತ್ತು.

ಕಸ ಗುಡಿಸುವ ಕ್ಯಾಕಿಮ್ವೆಯನ್ನೂ ಗೇಟಿನ ಕಾವಲುಗಾರನನ್ನೂ ನಮ್ಮ ಜೊತೆಗೇ ಕೂರಿಸಿದಾಗ ನಾನು ಗಟ್ಟಿಯಾಗಿಯೇ ಹೇಳಿದೆ: "ನಾಳೆ ಅಂಗಳದ ಕೋಳಿಗೂ ಪಾಠ ಮಾಡ್ತಾಳೆ ನೋಡ್ರಿ." ಎಲ್ಲರೂ ನಕ್ಕರು, ನೀನೂ ನಕ್ಕೆ. ಆಮೇಲೆ ನೀನು ನಮಗೆ ರಕ್ಷಣಾ ಉಡುಪು ತೊಡಿಸಿ, ಕೈಗವಸಿನ ಮೇಲೆ ಟೊಮೇಟೊ ರಸ ಸವರಿ, ಒಂದು ಹನಿಯೂ ಮೈಗೆ ತಗಲದಂತೆ ಕಳಚಿ ತೋರಿಸಲು ಹೇಳಿದೆ. ನಿನ್ನ ನಿಧಾನದ ಪಾಠ ನನಗೇಕೆ ಎಂದು ನಾನು ಸರಸರ ಕಳಚಿ ಎದೆಯೆತ್ತಿ ನಿಂತೆ. ನೀನು ಹತ್ತಿರ ಬಂದು, ಕನ್ನಡಿ ಹಿಡಿದೆ. ದವಡೆಯ ಕೆಳಗೆ ಬೆರಳಗಲದ ಕೆಂಪು. "ಸಿಸ್ಟರ್ ಮಸಿಕಾ, ಇವತ್ತು ನೀವು ಸತ್ರಿ" ಅಂದೆ. ಅಕ್ಕ ಅನ್ನಲಿಲ್ಲ, ಸಿಸ್ಟರ್ ಅಂದೆ. ಸಭೆ ಗೊಳ್ಳೆಂದಿತು. ಆ ಸಂಜೆ ಮನೆಯಲ್ಲಿ ಅಮ್ಮ ಗೌರವದ ತುಂಡಾದ ಮೀನಿನ ತಲೆಯನ್ನು ನಿನ್ನ ತಟ್ಟೆಗೆ ಹಾಕಿದಳು. ನನ್ನ ತಟ್ಟೆಗೆ ಬಾಲ ಬಂತು. ನಗಬೇಡ, ನಲವತ್ತೊಂದು ವರ್ಷದ ಹೆಂಗಸು ಮೀನಿನ ತಲೆಗಾಗಿ ಹಿತ್ತಲಿಗೆ ಹೋಗಿ ಅತ್ತಿದ್ದೇನೆ.

ವಾರದೊಳಗೆ ಕಂಪಾಲಾದ ದೊಡ್ಡ ತರಬೇತಿಯ ಪಟ್ಟಿಯಿಂದ ನಿನ್ನ ಹೆಸರು ಕಳಚಿಹೋಯಿತು. ನಿನ್ನನ್ನು ಗುಡ್ಡದ ಮೇಲಿನ ಸಣ್ಣ ಕೇಂದ್ರಕ್ಕೆ ಹಾಕಿದರು. ಇದು ನಮ್ಮ ಮುಖ್ಯಸ್ಥ ಥೆಂಬೊ ಅವರ ಕೈವಾಡವೆಂದು ತಿಳಿದು ನೀನು ಅವರ ಮುಖದ ಮೇಲೆಯೇ "ನಿಮ್ಗಿಂತ ಹಾವು ವಾಸಿ" ಎಂದು ಹೇಳಿ ಲಾರಿ ಹತ್ತಿದೆ. ಆ ಮನುಷ್ಯ ಅಂದಿನಿಂದ ನನ್ನೆದುರು ನಿನ್ನ ಹೆಸರು ಎತ್ತಿಲ್ಲ.

ಈಗ ನಿಜವಾದ ಸುದ್ದಿ. ಕಳೆದ ವಾರ ಸಂತೆಯ ದಿನ, ಒಣಮೀನು ಮಾರಲು ಗಡಿ ದಾಟಿ ಬಂದ ಫುರಾಹಾ ಎಂಬ ಹೆಂಗಸನ್ನು ಸೈಕಲ್ ಮೇಲೆ ಕರೆತಂದರು. ಮೈ ಕೆಂಡ, ವಾಂತಿ, ಮೂಗಿನಿಂದ ರಕ್ತ. ಎರಡು ವಾರದ ಹಿಂದೆ ಚಿಕ್ಕಪ್ಪನ ಮಣ್ಣಿಗೆ ಹೋಗಿದ್ದೆ ಅಂದಳು. ಥೆಂಬೊ ಜಿಲ್ಲೆಯ ಸಭೆಗೆ ಹೋಗಿದ್ದರು. ಕಾವಲುಗಾರ ಯಾರ ಅಪ್ಪಣೆಗೂ ಕಾಯದೆ ಗೇಟು ಹಾಕಿ, ಸೈಕಲ್ಲಿನವನನ್ನು ಬೇರೆ ಕೂರಿಸಿ, ಅವನ ಹೆಸರು ಊರು ಬರೆದುಕೊಂಡ. ನಾನು ಉಡುಪು ತೊಟ್ಟು, ಎಬೋಲಾ ಶಂಕೆಯವರಿಗೆಂದು ಅಂಗಳದಲ್ಲಿ ಹಾಕಿದ್ದ ಡೇರೆಯೊಳಗೆ ಅವಳನ್ನು ಕರೆದುಕೊಂಡು ಹೋದೆ. ರಕ್ತದ ಮಾದರಿ ತೆಗೆದೆ, ಮಲೇರಿಯಾದ ಔಷಧಿ ಶುರುಮಾಡಿದೆ, ನೀರು ಕುಡಿಸಿದೆ. ಅವಳು ನನ್ನ ಎದೆಯ ಮೇಲೆಯೇ ವಾಂತಿ ಮಾಡಿಕೊಂಡಳು. ಹೊರಬರುವ ಹೊತ್ತಿಗೆ ಕನ್ನಡಕ ಮಂಜಾಗಿ, ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಕಣ್ಣೊರೆಸಲು ಕೈ ತಾನಾಗಿ ಮುಖದತ್ತ ಮೇಲೆದ್ದಿತು. "ಸಿಸ್ಟರ್, ನಿಲ್ಲಿ! ಕೈ ಕೆಳಗಿಳಿಸಿ!" ಕೂಗಿದವಳು ಕ್ಯಾಕಿಮ್ವೆ. ಬೇಲಿಯಾಚೆ ಪೊರಕೆ ಬಿಸಾಡಿ ನಿಂತಿದ್ದಳು. "ಮೊದ್ಲು ಕೈ ತೊಳೀರಿ. ಈಗ ಏಪ್ರನ್ ಬಿಚ್ಚಿ. ಮತ್ತೆ ತೊಳೀರಿ. ಅವಸರ ಬೇಡ, ಕಬುಗೊಮ್ಮ ಹೇಳಿದ್ದು ಹಂಗೇ ಅಲ್ವಾ?" ಒಂದೊಂದು ಹೆಜ್ಜೆಯನ್ನೂ ನಿನ್ನ ಮಾತಿನಲ್ಲೇ, ನಿನ್ನ ಧಾಟಿಯಲ್ಲೇ ಹೇಳಿದಳು. ನಾನು ಮಗುವಿನಂತೆ ಕಸ ಗುಡಿಸುವವಳ ಮಾತು ಕೇಳುತ್ತ ಇಪ್ಪತ್ತು ನಿಮಿಷ ನಿಂತು ಎಲ್ಲವನ್ನೂ ಕಳಚಿದೆ. ಎಲ್ಲ ಮುಗಿಸಿ ಅಲ್ಲೇ ಕೂತಾಗ ಮೊದಲು ಬಂದದ್ದು ಕೃತಜ್ಞತೆಯಲ್ಲ, ಕಬುಗೊ. ಇವರೆಲ್ಲ ನಿನ್ನನ್ನು ಇಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದಾರಲ್ಲ ಎಂಬ ಉರಿ. ನಾನು ಎಂಥವಳು ನೋಡು.

ಎಂಟೆಬೆಯ ಪ್ರಯೋಗಾಲಯದಿಂದ ಉತ್ತರ ಬರುವವರೆಗೆ ಮನೆಗೆ ಹೋಗಲಿಲ್ಲ. ಅಮ್ಮ ರಸ್ತೆಯಾಚೆ ನಿಂತು ಬುಟ್ಟಿಯಲ್ಲಿ ಊಟ ಇಟ್ಟು ಹೋಗುತ್ತಿದ್ದಳು. ಎರಡನೆಯ ದಿನ ಬುಟ್ಟಿಯಲ್ಲಿ ಮೀನಿನ ತಲೆ ಇತ್ತು, ತಿನ್ನಲಾಗಲಿಲ್ಲ. ಮೂರನೆಯ ದಿನ ಉತ್ತರ ಬಂತು: ಎಬೋಲಾ ಅಲ್ಲ, ವಿಪರೀತಕ್ಕೇರಿದ ಮಲೇರಿಯಾ. ಫುರಾಹಾ ಈಗ ಎದ್ದು ಕೂತು ಗಂಜಿ ಕುಡಿಯುತ್ತಾಳೆ. "ನೀವು ಬೆಳ್ಳಗೆ ಬಂದಾಗ ಸತ್ತೇಹೋದೆ ಅಂದ್ಕೊಂಡೆ. ದೇವದೂತ್ರು ಇಷ್ಟು ದಪ್ಪ ಇರ್ತಾರಾ ಅಂತ ಅನುಮಾನ ಬಂತು" ಎಂದು ಎಲ್ಲರನ್ನೂ ನಗಿಸುತ್ತಾಳೆ. ಜಿಲ್ಲಾ ಆರೋಗ್ಯಾಧಿಕಾರಿ ಇವತ್ತು ತಾವೇ ಬಂದು ನನ್ನ ಬೆನ್ನು ತಟ್ಟಿದರು. ಹದಿನೇಳು ವರ್ಷ ಕಾದ ಬೆನ್ನು ಅದು.

ಅಮ್ಮ ನಿನ್ನ ನೆತ್ತಿಯ ಮೇಲೆ ಕೈಯಿಟ್ಟಿದ್ದಾಳೆಂದು ತಿಳಿ. ಕ್ಯಾಕಿಮ್ವೆ ನಮಸ್ಕಾರ ಹೇಳಿದ್ದಾಳೆ. ಮೈ ಬೆಚ್ಚಗಿಟ್ಟುಕೋ. ದೇವರು ನಿನ್ನ ಕೈಗಳನ್ನು ಕಾಯಲಿ.

ನಿನ್ನ ಅಕ್ಕ,
ಮಸಿಕಾ

ಮತ್ತೆ: ಗುಡ್ಡಕ್ಕೆ ಹೋಗುವ ಲಾರಿ ಹಾರನ್ ಹಾಕುತ್ತಿದೆ, ಬೇಗ ಹೇಳುತ್ತೇನೆ. ನಿನ್ನ ಹೆಸರು ತೆಗೆಸಿದ್ದು ಥೆಂಬೊ ಅಲ್ಲ, ನಾನು. ಕಂಪಾಲಾಕ್ಕೆ ಕಳಿಸುವ ಮುನ್ನ ಆ ಆರೋಗ್ಯಾಧಿಕಾರಿ ಕೇಂದ್ರಕ್ಕೆ ಫೋನ್ ಮಾಡಿದಾಗ ಎತ್ತಿಕೊಂಡವಳು ನಾನು. "ಹುಡುಗಿ ಬಸುರಿ ಸಾರ್, ಮದ್ವೆ ಆಗಿಲ್ಲ, ದಯವಿಟ್ಟು ಅವ್ಳನ್ನ ಕೇಳ್ಬೇಡಿ, ಹಗುರದ ಕೆಲ್ಸಕ್ಕೆ ಹಾಕಿ" ಎಂದು ಸುಳ್ಳು ಹೇಳಿದೆ. ಆ ಒಳ್ಳೆಯ ಮನುಷ್ಯ ನನ್ನ ಮಾತು ನಂಬಿ ನಿನ್ನನ್ನು ಏನೂ ಕೇಳಲಿಲ್ಲ. ಇವತ್ತು ಅವರು ಬೆನ್ನು ತಟ್ಟಿದ ಕೂಡಲೇ, ಥೆಂಬೊ ಅವರ ಎದುರಿಗೇ ಎಲ್ಲ ಹೇಳಿದೆ. ತಟ್ಟಿದ ಕೈ ಹಿಂದಕ್ಕೆ ಹೋಯಿತು. ನನಗೇನು ಶಿಕ್ಷೆಯೋ ಗೊತ್ತಿಲ್ಲ. ಡಿಸೆಂಬರಿನ ತರಬೇತಿಗೆ ನಿನ್ನ ಹೆಸರು ಸೇರಿದೆ. ಮಂಗಳವಾರ ಬೆಳಿಗ್ಗೆ ಅವರ ಗಾಡಿ ನಿನ್ನನ್ನು ಕರೆತರಲು ಬರುತ್ತದೆ. ನಿನ್ನನ್ನು ಹತ್ತಿಸಿಕೊಂಡು ವಾಪಸಾಗುವಾಗ ಅದು ಈ ಗೇಟಿನ ಮುಂದೆಯೇ ಹಾದುಹೋಗಬೇಕು. ಗಾಡಿಯಲ್ಲಿ ನಿನ್ನನ್ನು ಕಂಡಾಗ ಮತ್ತೆ ಹೊಟ್ಟೆ ಉರಿಯುತ್ತದೆ, ಅದು ನನಗೆ ಗೊತ್ತು. ಆದರೂ ರಸ್ತೆಗೆ ಬಂದು ನಿಂತಿರುತ್ತೇನೆ. ಗಾಡಿ ನಿಲ್ಲಿಸಬೇಕೋ ಬೇಡವೋ, ನೀನೇ ಡ್ರೈವರ್‌ಗೆ ಹೇಳು.