ಬೆನ್ನಿಲ್ಲದ ಕ್ಯಾಮೆರಾ

ಫೆಬ್ರವರಿ 6

ಬೆಳಿಗ್ಗೆಯೆಲ್ಲ ಟ್ರೈಪಾಡ್‌ನ ಕಾಲು ಅಳಿಸಿದ್ದೇ ಆಯಿತು. ಸುತ್ತ ತಿರುಗಿ ನೋಡುವ ವಿಡಿಯೋ ಮಾಡುವ ಕಂಪನಿ ನಮ್ಮದು. ಹೋಟೆಲಿನ ಟೂರ್, ಆಸ್ಪತ್ರೆಯ ಟೂರ್, ಮಾರಾಟಕ್ಕಿರುವ ಮನೆಯ ಟೂರ್ — ಯಾವುದಾದರೇನು, ಕ್ಯಾಮೆರಾ ನಿಂತ ಕಡೆ ಮೂರು ಕಾಲು ಇದ್ದೇ ಇರುತ್ತದೆ. ಅದರ ಮೇಲೆ ನೆಲದ ತುಂಡು ತಂದು ಅಂಟಿಸಬೇಕು. ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಅಕ್ಕ, "ಕಂಪ್ಯೂಟರ್ ಒಳಗೆ ನೆಲ ಒರೆಸ್ತಾಳೆ" ಅನ್ನುತ್ತಾಳೆ. ತಮಾಷೆಯಂತೆ. ನನಗೆ ನಗು ಬರುವುದಿಲ್ಲ.

ಮಧ್ಯಾಹ್ನ ಬಾಸ್ ಹಲ್ಲು ಕಿಸಿಯುತ್ತ ಬಂದ. ಮಿಲಿಟರಿ ಕಾಲೇಜಿನ ಕೆಲಸ ನಮಗೇ ಸಿಕ್ಕಿತಂತೆ. ಹೋದ ವರ್ಷದಿಂದ ಅಲ್ಲಿ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಿದ್ದಾರೆ. ಹೆಚ್ಚು ಜನ ಬರುತ್ತಿಲ್ಲ. ಅದಕ್ಕೇ ಶಾಲೆ ಶಾಲೆಗೆ ಹೆಡ್‌ಸೆಟ್ ಹೊತ್ತುಕೊಂಡು ಹೋಗಿ, ಹುಡುಗಿಯರ ಕಣ್ಣಿಗೆ ಕಟ್ಟಿ, ತಿರುಗುವ ಕುರ್ಚಿಯಲ್ಲಿ ಕೂರಿಸಿ, ಕೂತಲ್ಲೇ ಕಾಲೇಜು ಸುತ್ತಿಸುವ ಯೋಜನೆ.

ಡಾಕ್ಟರ್ ಹೇಳಿದ್ದು: ಕೂಗಾಡಬೇಡಿ, ಸಿಟ್ಟು ಬಂದದ್ದನ್ನು ಬರೆದಿಡಿ. ಬರೆಯುತ್ತಿದ್ದೇನೆ. ಬಿಪಿ ಮಾತ್ರ ಇದ್ದಲ್ಲೇ ಇದೆ.

ಫೆಬ್ರವರಿ 11

ಇಡೀ ದಿನ ಕಾಲೇಜಿನಲ್ಲಿ ಶೂಟಿಂಗ್. ಸೊಂಟ ಬಿದ್ದುಹೋಗಿದೆ.

ನಮ್ಮನ್ನು ಸುತ್ತಾಡಿಸಿದ್ದು ಅಡ್ಮಿಷನ್ ನೋಡಿಕೊಳ್ಳುವ ಅಧಿಕಾರಿ. ಅವನ ಪ್ಯಾಂಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದು. ಮನಸ್ಸಿನಲ್ಲೇ ಇಸ್ತ್ರಿ ಸಾಹೇಬ ಎಂದು ಹೆಸರಿಟ್ಟೆ.

ನಮ್ಮ ಕ್ಯಾಮೆರಾಕ್ಕೆ ಮುಂದೊಂದು ಕಣ್ಣು, ಹಿಂದೊಂದು ಕಣ್ಣು. ಸುತ್ತ ಇರುವುದೆಲ್ಲ ಬರುತ್ತದೆ. ಹಾಗಾಗಿ ಶಾಟ್ ತೆಗೆಯುವಾಗ ನಾವೇ ಬಚ್ಚಿಟ್ಟುಕೊಳ್ಳಬೇಕು — ಬಾಗಿಲ ಹಿಂದೆ, ಮಂಚದ ಕೆಳಗೆ, ಇವತ್ತು ಒಮ್ಮೆ ಕುದುರೆ ಲಾಯದ ಹುಲ್ಲಿನಲ್ಲಿ. ಕಣ್ಣಾಮುಚ್ಚಾಲೆ ಆಡಿ ಸಂಬಳ ತೆಗೆದುಕೊಳ್ಳುವ ಹೆಂಗಸು ನಾನೊಬ್ಬಳೇ ಇರಬೇಕು. ಸಾಹೇಬನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ತಲೆಯಾಡಿಸಿದ. ಒಂದಕ್ಷರವೂ ಒಳಗಿಳಿದಿರಲಿಲ್ಲ.

ಹುಡುಗಿಯರ ಹಾಸ್ಟೆಲ್, ಮೊದಲ ಮಹಡಿಯ ಕಾರಿಡಾರ್. ಮುಂದುಗಡೆ ಹೂಕುಂಡ, ಹೊಸ ಪರದೆ, ಗೋಡೆ ಗಡಿಯಾರ, ಸಾಲಾಗಿ ಮಿರುಗುವ ಬೂಟು. ಮುರಿದ ಮಂಚ, ತುಕ್ಕು ಹಿಡಿದ ಬಕೆಟ್ಟು, ಕೆಟ್ಟ ಕೂಲರ್ — ಎಲ್ಲವನ್ನೂ ಕ್ಯಾಮೆರಾದ ಹಿಂದೆ ಗುಡ್ಡೆ ಹಾಕಿಸಿದ್ದ. ಗುಡ್ಡೆಯಿಂದಾಚೆ ಒಬ್ಬಳು ಹುಡುಗಿ. ಗೋಡೆ ಕಡೆ ಮುಖ. ತಲೆಯ ಮೇಲೆ ಸುತ್ತಿದ ಹಾಸಿಗೆ. ಅದನ್ನು ಎರಡೂ ಕೈಯೆತ್ತಿ ಹಿಡಿದಿದ್ದಳು.

"ಯಾರು ಸರ್ ಅವಳು?"

"ಪನಿಷ್ಮೆಂಟು. ಬಿಡಿ ಮೇಡಂ, ಅವಳು ಹಿಂದುಗಡೆ ಇದಾಳೆ. ಕ್ಯಾಮೆರಾಗೆ ಬರಲ್ಲ."

"ಇದಕ್ಕೆ ಹಿಂದುಗಡೆ ಅನ್ನೋದೇ ಇಲ್ಲ ಸರ್."

"ಎಲ್ಲ ಕ್ಯಾಮೆರಾಕ್ಕೂ ಇರುತ್ತೆ. ಇಪ್ಪತ್ತು ವರ್ಷದಿಂದ ಫೋಟೋ ತೆಗೆಸ್ಕೊಂಡಿದೀನಿ, ನನಗೆ ಗೊತ್ತಿಲ್ವಾ?"

ಬಾಸ್ ನನ್ನ ಕಾಲು ತುಳಿದ. ರಿಮೋಟ್ ಹಿಡಿದು ಬಾಗಿಲ ಹಿಂದೆ ಹೋದೆ. ಸಂಜೆ ಮತ್ತೆ ಅದೇ ಕಾರಿಡಾರ್ — ಪರದೆಯ ಬಣ್ಣ ಸರಿಯಾಗಿ ಬಂದಿಲ್ಲವಂತೆ, ಇನ್ನೊಂದು ಸಲ ತೆಗೆಯಬೇಕಂತೆ. ಬಾಸ್ ಕ್ಯಾಮೆರಾ ಇಟ್ಟುಬಂದ. ನಾನು ಮೆಟ್ಟಿಲಲ್ಲಿ ಕೂತು ರಿಮೋಟ್ ಒತ್ತಿದೆ. ಮೇಲೆ ಹತ್ತಲಿಲ್ಲ. ಕಾಲು ನೋಯುತ್ತಿತ್ತು.

ಫೆಬ್ರವರಿ 13

ಎರಡೂ ಶಾಟ್ ತೆರೆದೆ. ಬೆಳಗಿನದರಲ್ಲಿ ಬಿಸಿಲು ಆ ತುದಿಯ ಕಿಟಕಿಯಿಂದ ಬರುತ್ತಿದೆ. ಸಂಜೆಯದರಲ್ಲಿ ಈ ತುದಿಯದರಿಂದ. ಹುಡುಗಿ ಅಲ್ಲೇ ಇದ್ದಾಳೆ. ಅದೇ ಗೋಡೆ, ಅದೇ ಹಾಸಿಗೆ.

ಸಂಜೆಯದರಲ್ಲಿ ಮುಖ ಸ್ವಲ್ಪ ಈಚೆ ತಿರುಗಿದೆ. ಅಕ್ಕನ ಮಗಳು ಚೂಟಿಯ ವಯಸ್ಸು, ಹದಿನಾರಿರಬಹುದು. ಕಾಲ ಬುಡದಲ್ಲಿ ನೆಲ ಒದ್ದೆ. ಕೂಲರ್ ಸೋರಿದೆ ಎಂದುಕೊಂಡೆ. ಹಿಗ್ಗಿಸಿ ನೋಡಿದೆ. ಕೂಲರ್ ದೂರ ಇದೆ, ಅದರ ಸುತ್ತ ನೆಲ ಒಣಗಿದೆ. ಹುಡುಗಿಯ ಪ್ಯಾಂಟು ಒದ್ದೆ.

ಇಡೀ ದಿನ ಒಂದು ಹುಡುಗಿಯನ್ನು ಬಚ್ಚಲಿಗೂ ಬಿಡದೆ ನಿಲ್ಲಿಸಿದ್ದಾರೆ. ಅದೇ ಕಾರಿಡಾರಿನಲ್ಲಿ ಹೂಕುಂಡ ಜೋಡಿಸಿದ್ದಾರೆ. ಮೈಯೆಲ್ಲ ಉರಿದುಹೋಯಿತು.

ಬಾಸ್‌ಗೆ ತೋರಿಸಿದೆ. ನೋಡಿದ. ಮೊದಲೇ ನೋಡಿದ್ದವನ ಮುಖ ಅದು.

"ಕ್ಲೀನ್ ಮಾಡು," ಅಂದ.

"ಏನು ಕ್ಲೀನ್ ಮಾಡ್ಲಿ?"

"ದಿನಾ ಏನ್ ಮಾಡ್ತೀಯೋ ಅದನ್ನೇ. ಟ್ರೈಪಾಡ್ ತೆಗಿಯಲ್ವಾ? ಹಾಗೇ."

ಮಾಡಿದೆ. ಕೂಗಾಡಿ, ಕುರ್ಚಿ ಒದ್ದು, ನೀರು ಕುಡಿದು ಬಂದು ಮಾಡಿದೆ. ಕಾರಿಡಾರಿನ ಮುಂದಿನ ಅರ್ಧವನ್ನು ಕನ್ನಡಿಯ ಹಾಗೆ ಮಗುಚಿ ಹಿಂದಿನ ಅರ್ಧಕ್ಕೆ ಅಂಟಿಸಿದೆ. ಈಗ ಯಾವ ಕಡೆ ತಿರುಗಿದರೂ ಹೂಕುಂಡ, ಪರದೆ, ಬೂಟು. ತಿಪ್ಪೆ ಸಾರಿಸುವುದು ಎನ್ನುತ್ತಾರಲ್ಲ, ಅದನ್ನೇ ಕಂಪ್ಯೂಟರಿನಲ್ಲಿ ಮಾಡುತ್ತೇನೆ ನಾನು. ಅಕ್ಕನ ತಮಾಷೆ ಎಷ್ಟೋ ಮರ್ಯಾದೆಯದು.

ಮಾರ್ಚ್ 3

ಬರೆಯಲು ಮನಸ್ಸಾಗಿರಲಿಲ್ಲ. ಇವತ್ತು ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಸಂಜೆ ಅಕ್ಕನ ಮನೆಗೆ ಹೋದೆ. ಚೂಟಿ ಬಾಗಿಲಲ್ಲೇ ಹಿಡಿದುಕೊಂಡಳು. ಅಕ್ಕನ ಒಬ್ಬಳೇ ಮಗಳು. ಮೀನಿನ ಹಾಗೆ ಈಜುತ್ತಾಳೆ, ಒಂದು ಕಡೆ ಕೂರುವವಳಲ್ಲ.

"ಚಿಕ್ಕಮ್ಮಾ, ನಿನ್ನ ಟೂರ್ ನಮ್ ಸ್ಕೂಲಿಗೆ ಬಂದಿತ್ತು. ಕುದುರೆ ಇದೆಯಲ್ಲ, ನನ್ನ ಕೆನ್ನೆ ಮೇಲೇ ಉಸಿರು ಬಿಟ್ಟಂಗಾಯ್ತು. ಪೂಲ್ ಅಂತೂ... ನಾನು ಅಲ್ಲಿಗೇ ಸೇರೋದು. ಕೊನೇಲಿ ನಿನ್ನ ಹೆಸರು ಬಂತು. ಎಲ್ರಿಗೂ ಹೇಳ್ದೆ, ಅದು ನಮ್ ಚಿಕ್ಕಮ್ಮ ಅಂತ."

ಊಟ ಆಯ್ತಾ ಎಂದು ಮಾತು ತಿರುಗಿಸಿದೆ.

"ಒಂದು ತಮಾಷೆ ಗೊತ್ತಾ? ಕಾರಿಡಾರ್‌ನಲ್ಲಿ ಹಿಂದೆ ತಿರುಗಿದ್ರೆ ಒಂದು ಗಡಿಯಾರ ಇದೆ. ಉಲ್ಟಾ ಓಡುತ್ತೆ. ಇನ್ಯಾರೂ ನೋಡಿಲ್ಲ, ನಾನೊಬ್ಳೇ."

ಗಡಿಯಾರ. ಎಲ್ಲ ಮಗುಚಿದವಳು ಅದನ್ನು ಮರೆತಿದ್ದೆ. ಇಷ್ಟು ವರ್ಷದ ಅನುಭವಕ್ಕೆ ಬೆಂಕಿ ಹಾಕ. ಅದು ಯಾಕೆ ಉಲ್ಟಾ ಓಡುತ್ತದೆ, ಅದರ ಹಿಂದೆ ಯಾರಿದ್ದರು, ಎಲ್ಲ ಹೇಳಿಬಿಟ್ಟೆ. ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ಆಫೀಸಿನಲ್ಲಿ ಸಹಿ ಮಾಡಿಕೊಟ್ಟಿದ್ದು ಆಮೇಲೆ ನೆನಪಾಯಿತು.

ಚೂಟಿ ಎಲ್ಲ ಕೇಳಿಸಿಕೊಂಡಳು. "ನಾನು ಹಾಗೆಲ್ಲ ಪನಿಷ್ಮೆಂಟ್ ತಗೊಳ್ಳೋ ಥರ ಮಾಡ್ಕೊಳ್ಳಲ್ಲ ಬಿಡು," ಅಂದಳು.

ಮಾರ್ಚ್ 4

ಅಕ್ಕನ ಜೊತೆ ಜಗಳ. ದೊಡ್ಡದು.

ಭಾವ ಮನೆ ಬಿಟ್ಟು ಹೋದ ಮೇಲೆ ಅಕ್ಕನಿಗಿರುವುದು ಒಂದೇ ಹಟ — ಮಗಳು ಯಾರ ಮುಂದೆಯೂ ಕೈಯೊಡ್ಡಬಾರದು. ಅಲ್ಲಿ ಸೇರಿದರೆ ಓದು, ಊಟ, ಬಟ್ಟೆ, ಮುಂದೆ ಕೆಲಸ, ಎಲ್ಲ ಅವರದೇ. ಆದರೆ ತಾಯಿ ಒಂದು ಸಲ ಸಹಿ ಹಾಕಿದರೆ ಓದು ಮುಗಿಯುವವರೆಗೆ ಬಿಡಿಸಿಕೊಳ್ಳುವ ಹಾಗಿಲ್ಲ. ಹದಿನಾರನೇ ತಾರೀಖು ಓಪನ್ ಡೇ. ಅಲ್ಲೇ ಸಹಿ.

"ಹಾಸಿಗೆ ತಾನೇ ಹೊರಿಸಿದ್ದು? ನಮ್ಮನ್ನ ಬೆಂಚ್ ಮೇಲೆ ನಿಲ್ಲಿಸಿರಲಿಲ್ವಾ? ನಾವೇನು ಸತ್ತೋದ್ವಾ?"

"ಬೆಳಿಗ್ಗೆಯಿಂದ ಸಂಜೆವರೆಗೆ ನಿಲ್ಲಿಸಿದ್ರಾ? ಪ್ಯಾಂಟ್‌ನಲ್ಲೇ..."

"ತೋರಿಸು ಹಾಗಾದ್ರೆ."

ತೋರಿಸುವುದು ಹೇಗೆ? ಒರಿಜಿನಲ್ ಇರುವುದು ಆಫೀಸಿನ ದೊಡ್ಡ ಮೆಷಿನ್ನಿನಲ್ಲಿ. ಫೋನು, ಪೆನ್ ಡ್ರೈವು, ಎಲ್ಲ ಬಾಗಿಲಲ್ಲೇ ಕೊಟ್ಟು ಒಳಗೆ ಹೋಗಬೇಕು. ಹಾಗೆಂದೆ.

"ಆಯ್ತು. ನಿನಗೊಂದು ಮಗು ಇದ್ದಿದ್ರೆ ತಿಳೀತಿತ್ತು," ಅಂದಳು.

ಚಪ್ಪಲಿ ಮೆಟ್ಟಿ ಎದ್ದುಬಂದೆ. ಚೂಟಿಗೆ ಜಡೆ ಹಾಕಲು ಕಲಿಸಿದ್ದು ಯಾರು? ಈಜಲು ಕರೆದುಕೊಂಡು ಹೋಗಿ ದಂಡೆಯ ಮೇಲೆ ಟವೆಲ್ ಹಿಡಿದು ಕಾದದ್ದು ಯಾರು? ಇವಳಾ?

ಮಾರ್ಚ್ 10

ಇಸ್ತ್ರಿ ಸಾಹೇಬನಿಗೆ ನಾನೇ ಫೋನ್ ಮಾಡಿದೆ. ಆ ದಿನ ಹಾಸಿಗೆ ಹೊತ್ತು ನಿಂತಿದ್ದ ಹುಡುಗಿ ಹೇಗಿದ್ದಾಳೆ, ಅವಳನ್ನು ಯಾವಾಗ ಕೂರಿಸಿದಿರಿ ಎಂದು ಕೇಳಿದೆ.

"ಯಾವ ಹುಡುಗಿ ಮೇಡಂ? ಟೂರ್‌ನಲ್ಲಿ ಯಾರೂ ಇಲ್ವಲ್ಲ."

ನಗುತ್ತಿದ್ದ. ನಾನೇ ಅಳಿಸಿದ್ದನ್ನು ನನಗೇ ಹೇಳುತ್ತಾನೆ. ಫೋನ್ ಗೋಡೆಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ತಟ್ಟೆ ಎಸೆದೆ. ಸ್ಟೀಲಿನದು, ಏನೂ ಆಗಲಿಲ್ಲ. ಅದಕ್ಕೂ ಸಿಟ್ಟು ಬಂತು.

ಮಾರ್ಚ್ 16, ಬೆಳಿಗ್ಗೆ

ಓಪನ್ ಡೇಗೆ ಕಾಲೇಜಿನ ಹಾಲ್‌ನಲ್ಲಿ ನಮ್ಮ ಹೆಡ್‌ಸೆಟ್‌ಗಳೇ. ಎಲ್ಲಕ್ಕೂ ಒಟ್ಟಿಗೆ ಟೂರ್ ಕಳಿಸಬೇಕೆಂದರೆ ದೊಡ್ಡ ಮೆಷಿನ್ನನ್ನೇ ಹೊತ್ತೊಯ್ಯಬೇಕು. ಅದನ್ನು ನಡೆಸಲು ನಾನೇ ಬೇಕು. ಬಾಸ್ ನಿನ್ನೆಯಿಂದ ಬೆಣ್ಣೆ ಹಚ್ಚುತ್ತಿದ್ದಾನೆ.

ಒಪ್ಪಿಕೊಂಡೆ. ಎರಡೇ ಹೆಡ್‌ಸೆಟ್‌ಗೆ ಕಾರಿಡಾರಿನ ಒರಿಜಿನಲ್ ಬಿಡುತ್ತೇನೆ — ಅಕ್ಕನದು, ಚೂಟಿಯದು. ತೋರಿಸು ಅಂದಳಲ್ಲ, ನೋಡಲಿ. ಉಳಿದವರ ಮಕ್ಕಳು ಉಳಿದವರ ಪಾಡು.

ಮಾರ್ಚ್ 16, ಸಂಜೆ

ನಡೆದ ಹಾಗೇ ಬರೆಯುತ್ತೇನೆ.

ಹಾಲ್ ತುಂಬ ತಿರುಗುವ ಕುರ್ಚಿಗಳು. ಒಂದರಲ್ಲಿ ಹುಡುಗಿ, ಪಕ್ಕದ್ದರಲ್ಲಿ ಅಪ್ಪನೋ ಅಮ್ಮನೋ. ವೇದಿಕೆಯ ಮೇಲೆ ಮೈಕ್ ಹಿಡಿದ ಇಸ್ತ್ರಿ ಸಾಹೇಬ, ಬಾಗಿಲ ಹತ್ತಿರ ಸಹಿಯ ಟೇಬಲ್. ಅಕ್ಕ ಹೊಸ ಪೆನ್ನು ತಂದಿದ್ದಳು. ನನ್ನ ಕಡೆ ನೋಡಲಿಲ್ಲ.

ಮೈದಾನ ಬಂತು, ಪೂಲ್ ಬಂತು, ಲಾಯ ಬಂತು. ಅಕ್ಕನ ಹಿಂದಿನ ಸಾಲಿನಲ್ಲಿ ಹಲ್ಲಿಗೆ ಕ್ಲಿಪ್ ಹಾಕಿದ ಒಂದು ಹುಡುಗಿ ಗಾಳಿಯಲ್ಲಿ ಕೈ ಚಾಚಿ ಇಲ್ಲದ ಕುದುರೆಯ ಮೂಗು ಸವರುತ್ತಿದ್ದಳು. ಅವಳ ಅಪ್ಪ ಪಕ್ಕದಲ್ಲಿ ಬಾಯಿ ತೆರೆದು ಕೂತಿದ್ದ. ಮುಂದಿನ ಶಾಟ್ ಕಾರಿಡಾರ್. ಅಕ್ಕ, ಚೂಟಿ ಇಬ್ಬರ ಹೆಡ್‌ಸೆಟ್ ನಂಬರ್ ಮಾತ್ರ ಹೊಡೆದಿದ್ದೆ. ಆ ಹುಡುಗಿಯ ಕೈ ಮತ್ತೆ ನೋಡಿದೆ. ನಂಬರ್ ಅಳಿಸಿ 'ಎಲ್ಲರಿಗೂ' ಒತ್ತಿದೆ.

ಮೊದಲು ತಿರುಗಿದ್ದು ಚೂಟಿಯ ಕುರ್ಚಿ. ಉಲ್ಟಾ ಗಡಿಯಾರ ಅಮ್ಮನಿಗೆ ತೋರಿಸುವ ಆಸೆ ಅವಳಿಗೆ. "ಅಮ್ಮಾ, ಹಿಂದೆ ನೋಡು, ಹಿಂದೆ," ಅನ್ನುತ್ತ ತಿರುಗಿದಳು. ಅರ್ಧದಲ್ಲೇ ಮಾತು ನಿಂತಿತು. ಆಮೇಲೆ ಅಕ್ಕನ ಕುರ್ಚಿ. ಆಮೇಲೆ ಚೂಟಿಯ ದನಿ ಕೇಳಿಸಿಕೊಂಡ ಆಚೀಚೆಯವರದು. ಒಂದೊಂದಾಗಿ ಎಲ್ಲ ಕುರ್ಚಿಗಳೂ ವೇದಿಕೆಗೆ ಬೆನ್ನು ಹಾಕಿದವು.

ಅವರು ಏನು ನೋಡುತ್ತಿದ್ದಾರೆ ಎಂಬುದು ಸಾಹೇಬನಿಗೆ ಕಾಣುವುದಿಲ್ಲ. "ಎಲ್ರೂ ದಯವಿಟ್ಟು ಮುಂದುಗಡೆ ನೋಡಿ. ಹಿಂದುಗಡೆ ಏನೂ ಇಲ್ಲ," ಎಂದು ಮೈಕಿನಲ್ಲಿ ಮತ್ತೆ ಮತ್ತೆ ಹೇಳಿದ. ಒಬ್ಬರೂ ತಿರುಗಲಿಲ್ಲ.

ಕ್ಲಿಪ್ಪಿನ ಹುಡುಗಿಯ ಅಪ್ಪ ಹೆಡ್‌ಸೆಟ್ ಕಿತ್ತ. "ಏನ್ರೀ ಇದು? ಯಾರ ಮಗು ಅದು?" ಆಮೇಲೆ ಹಾಲ್ ತುಂಬ ಗಲಾಟೆ. ಸಾಹೇಬ ವೇದಿಕೆಯಿಂದ ಇಳಿಯುವಾಗ ಮೈಕಿನ ವೈರ್‌ಗೆ ಎಡವಿದ, ಪ್ಯಾಂಟಿನ ಗೆರೆ ಮುದುಡಿತು. ಬಾಸ್ ಪ್ಲಗ್ ಕಿತ್ತು, "ನಾಳೆಯಿಂದ ಆಫೀಸ್ ಕಡೆ ತಲೆ ಹಾಕ್ಬೇಡ," ಅಂದ. ಪರವಾಗಿಲ್ಲ ಅಂದೆ. ನಿಜಕ್ಕೂ ಪರವಾಗಿರಲಿಲ್ಲ. ಜನ ಬೈದರು, ಮಕ್ಕಳ ಕೈ ಹಿಡಿದು ದರದರ ಹೊರಟರು. ಅಕ್ಕ ಪೆನ್ನಿಗೆ ಕ್ಯಾಪ್ ಹಾಕಿ ಬ್ಯಾಗಿಗೆ ಸೇರಿಸಿದಳು. ಬಂದು ನನ್ನ ಪಕ್ಕ ನಿಂತಳು. ನನಗೆ ಅಷ್ಟೇ ಸಾಕಾಗಿತ್ತು.

ಮೂವರೂ ನನ್ನ ಮನೆಗೆ ಬಂದೆವು. ಗೆದ್ದೆ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಎಷ್ಟೋ ದಿನದ ಮೇಲೆ ಹೊಟ್ಟೆ ತಣ್ಣಗಾಗಿತ್ತು. ಟೀ ಇಟ್ಟೆ. ಚೂಟಿ ಮಾತ್ರ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಇದ್ದಳು.

"ಚಿಕ್ಕಮ್ಮಾ, ಆ ಕಾರಿಡಾರ್ ಎಲ್ಲಿರೋದು?"

"ಹಾಲ್ ಪಕ್ಕದ ಬಿಲ್ಡಿಂಗು. ಮೊದಲನೇ ಮಹಡಿ."

"ಅಷ್ಟು ಹತ್ರಾನಾ?"

"ಹೂಂ."

"ಮತ್ತೆ ನಾವ್ಯಾಕೆ ಹೋಗಿ ನೋಡ್ಲಿಲ್ಲ? ಒಬ್ರೂ ಹೋಗ್ಲಿಲ್ವಲ್ಲ. ಎಲ್ಲ ಬೈದು ಬೈದು ಮನೆಗೆ ಬಂದ್ವಿ."

ಅಕ್ಕ ಲೋಟ ಕೆಳಗಿಟ್ಟಳು.

"ಅವಳ ಹೆಸರೇನು ಚಿಕ್ಕಮ್ಮಾ?"

ಗೊತ್ತಿಲ್ಲ. ಒಂದಿಡೀ ಮಧ್ಯಾಹ್ನ ಅವಳ ಮುಖ ಎದುರಿಗಿಟ್ಟುಕೊಂಡು ಅಳಿಸಿದವಳು ನಾನು. ಇವತ್ತು ಊರಿಗೆಲ್ಲ ತೋರಿಸಿದವಳೂ ನಾನೇ. ಪ್ಯಾಂಟು ಒದ್ದೆಯಾದ ಮಗುವನ್ನು ಹಾಲ್ ತುಂಬ ಜನರಿಗೆ, ಅವಳನ್ನೊಂದು ಮಾತು ಕೇಳದೆ, ತೋರಿಸಿದೆ. ಆ ಗಲಾಟೆಗೆ ಲೆಕ್ಕ ಯಾರ ಹತ್ತಿರ ಕೇಳುತ್ತಾರೆ ಇವತ್ತು? ಅವಳ ಹತ್ತಿರವೇ. ಬೆಳಿಗ್ಗೆಯಿಂದ ಇಷ್ಟು ಹೊತ್ತಿನವರೆಗೆ ಅದು ನನ್ನ ತಲೆಗೇ ಬರಲಿಲ್ಲ. ಬರೀ ಸಿಟ್ಟು. ಥೂ ನನ್ನ ಸಿಟ್ಟಿಗಿಷ್ಟು.

ಚೂಟಿ ಶೂ ಕಟ್ಟಿಕೊಂಡು ಆಯಿತು. ಅಕ್ಕ ಕಾರಿನ ಕೀ ತೆಗೆದುಕೊಂಡು ಕೆಳಗಿಳಿದಳು. ಆಗಲೇ ಹಾರ್ನ್ ಹೊಡೆಯುತ್ತಿದ್ದಾಳೆ. ಬಂದೆ, ಬಂದೆ.

ಗೇಟಿನಲ್ಲಿ ಯಾರನ್ನು ನೋಡಬೇಕು ಎಂದು ಕೇಳುತ್ತಾರೆ. ಹೆಸರು ಗೊತ್ತಿಲ್ಲ, ಹಾಸಿಗೆ ಹೊತ್ತು ನಿಂತಿದ್ದಳಲ್ಲ ಅವಳನ್ನು ಎನ್ನಬೇಕು. ಯಾವ ಹುಡುಗಿ ಮೇಡಂ ಎಂದು ಮತ್ತೆ ಅಂದರೆ, ಈ ಸಲ ನಾನೇ ಮೊದಲ ಮಹಡಿ ಹತ್ತುತ್ತೇನೆ.