ಎಡಗಡೆಯ ಕೆಳಮೂಲೆ

9 ಡಿಸೆಂಬರ್ 2024, ಸೋಮವಾರ. ಕೊರಟಗೆರೆ. ಬೆಳಗ್ಗೆ 6.50

ಲಾಡ್ಜಿನ ರೂಮ್ 3, ಮೊದಲ ಮಹಡಿ. ಕಿಟಕಿ ಪೂರ್ವಕ್ಕೆ. ಒಂದೇ ಫೋಟೋ, ಎಂದಿನಂತೆ ಹಲ್ಲುಜ್ಜುವ ಮೊದಲು. ಬಂದದ್ದು: ಎರಡು ಸಿಂಟೆಕ್ಸ್ ಟ್ಯಾಂಕು, ಒಣಗಲು ಹಾಕಿದ ಸ್ಕೂಲ್ ಯೂನಿಫಾರ್ಮ್, ರಿವರ್ಸ್ ತೆಗೆಯುತ್ತಿರುವ ಹೊಳವನಹಳ್ಳಿ ಬಸ್ಸು. ಹೋದ ವರ್ಷ ಟ್ಯಾಂಕು ಒಂದೇ ಇತ್ತು.

ಇದು ಒಂಬತ್ತನೆಯ ಡಿಸೆಂಬರ್. ಮೈಸೂರಿನಿಂದ ಹೊರಟು ನಾಲ್ಕು ತಾಲ್ಲೂಕು, ಹತ್ತು ದಿನ, ಡೇರಿಗಳ ಫ್ಯಾಟ್ ಮಷೀನು. ಹಾಲಿನಲ್ಲಿ ಕೊಬ್ಬು 3.8 ಇದ್ದರೆ ಮಷೀನು 3.8 ಅನ್ನಬೇಕು. 3.7 ಅಂದರೆ ಹಾಲು ಹಾಕುವವರಿಗೆ ಮೋಸ. ಅದನ್ನು ಸರಿ ಮಾಡಿ ಮುಂದಿನ ಊರು. ಕೆಲಸದ ಬಗ್ಗೆ ದೂರಿಲ್ಲ.

ಸಂಜೆ ವೇದಾವತಿ ಫೋನು. ಹೆಂಡತಿಯ ಮೊದಲ ಪ್ರಶ್ನೆ ಊಟದ್ದಲ್ಲ.
"ಕಿಟಕಿ ಸಿಕ್ತಾ? ಇಲ್ಲ, ಮತ್ತೆ ಬಾತ್‌ರೂಮ್ ಜಾಲರಿಯಿಂದ ತೆಗೆದ್ರಾ?"
2017ರ ಕಥೆ ಅದು. ಅವಳು ಮರೆಯುವುದಿಲ್ಲ.

ಈ ಸಲ ತಂದಿರುವುದು ಹಂಗೇರಿಯ ಕಾದಂಬರಿ, ಇಂಗ್ಲಿಷಿನ ಮೂಲಕ ಕನ್ನಡಕ್ಕೆ. ಮುನ್ನುಡಿಯಲ್ಲಿ ಅನುವಾದಕರ ಮಾತು — "ನಮ್ಮ ಓದುಗರಿಗೆ ಅಷ್ಟಾಗಿ ಬೇಡವೆನಿಸಿದ ಕೆಲವು ಪುಟಗಳನ್ನು ಬಿಟ್ಟಿದ್ದೇನೆ." ಕೋಪ ಬಂತು. ಬೇಕೋ ಬೇಡವೋ ಇವರಿಗೆ ಹೇಳಿದವರು ಯಾರು? ಪೆನ್ಸಿಲಿನಲ್ಲಿ ಅಡಿಗೆರೆ ಎಳೆದೆ.

11 ಡಿಸೆಂಬರ್, ಬುಧವಾರ. ಮಧುಗಿರಿ. ಬೆಳಗ್ಗೆ 7.05

ರೂಮ್ 12. ಲಕ್ಷ್ಮೀಪತಿ ಈ ಸಲವೂ ಕಾದಿರಿಸಿದ್ದರು. ಲಾಡ್ಜಿನ ಹೊಣೆ ಅಣ್ಣನಿಂದ ಅವರ ಕೈಗೆ ಬಂದದ್ದು 2020ರಲ್ಲಿ. ಅಂದಿನಿಂದ ಒಂದು ಡಿಸೆಂಬರೂ ತಪ್ಪಿಲ್ಲ. "ನಿಮ್ ರೂಮಿಗೆ ಬೇರೆಯವರ್ನ ಬುಡ್ತೀನಾ ಸಾರ್?" ಬಕೆಟ್ಟಿನಲ್ಲಿ ಬಿಸಿನೀರು ಆರೂವರೆಗೇ ಬಂತು.

ಎದುರಿಗೆ ಬೆಟ್ಟ, ಪೂರ್ತಿ. ಬಿಸಿಲು ಮೇಲಿಂದ ಇಳಿಯುತ್ತ ಬಂಡೆಯ ಅರ್ಧಕ್ಕೆ ಬಂದಾಗ ಕ್ಲಿಕ್. ಇದೊಂದು ಕಿಟಕಿಗಾಗಿಯೇ ಈ ಪ್ರಯಾಣ ಒಪ್ಪಿಕೊಳ್ಳುತ್ತೇನೆಂದು ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ.

ಹೊಸದು: ಕೆಳಗೆ ಹಿಂದಿನ ಓಣಿಯ ಬಾಯಲ್ಲಿ ಸಿಮೆಂಟ್ ಇಟ್ಟಿಗೆ, ಸುಮಾರು ಮುನ್ನೂರು.

ಸಂಜೆ 5.30
ಕಿಟಕಿಯ ಹತ್ತಿರ ಓದುತ್ತಿದ್ದೆ. ಕೆಳಗಿನಿಂದ ಕೂಗು.
"ಪೋಟದ ಸಾಮೀ! ಓ ಪೋಟದ ಸಾಮೀ!"

ಓಣಿಯ ಆ ಕಡೆ ಮನೆಯ ಮಹಾಲಕ್ಷ್ಮಮ್ಮ. ಬಸ್‌ಸ್ಟ್ಯಾಂಡಿನ ಹತ್ತಿರ ಬಜ್ಜಿ ಗಾಡಿ ಇಟ್ಟಿರುವವರು. ಪ್ರತಿ ವರ್ಷ ಎರಡು ಬಜ್ಜಿ ತಿಂದಿದ್ದೇನೆ, ಹೆಚ್ಚು ಮಾತಾಡಿಲ್ಲ. ನನಗೆ ಇಂಥದೊಂದು ಹೆಸರಿದೆ ಎಂದೂ ಗೊತ್ತಿರಲಿಲ್ಲ. ಇಳಿದು ಹೋದೆ.

"ನೋಡಿ, ನಮ್ ಲಕ್ಷ್ಮೀಪತಿ ಗೋಡೆ ಇಡ್ತಾನಂತೆ. ಓಣಿ ಲಾಡ್ಜಿಂದಂತೆ. ಮುಂದ್ಗಡೆ ಬಾಗ್ಲಿಗೆ ಐದು ಮೆಟ್ಲು, ಗಾಡಿ ಇಳಿಯಕ್ಕಿಲ್ಲ. ಹಿತ್ಲು ಬಾಗ್ಲು ಮುಚ್ಚುಬುಟ್ರೆ ಗಾಡೀನ ತಲೆ ಮ್ಯಾಲೆ ಹೊತ್ಕೊಂಡ್ ಹೋಗ್ಲಾ?"
"ಕಾಗದದಲ್ಲಿ ಏನಿದೆ?"
"ದಾರಿ ಅಂತ ಐತೆ. ಯಾರ್ ದಾರಿ ಅಂತ ಇಲ್ಲ. ಓಣಿಗೆ ಗಾಡಿ ಕರೋನಾ ಆದ್ಮೇಲೆ ಬಂತು, ಬಾಗ್ಲೂ ಆಮೇಲೇ ಇಟ್ಟಿದ್ದು ಅಂತಾನೆ. ಹದಿನಾಲ್ಕು ವರ್ಸ ಆಯ್ತು ಸಾಮಿ! ನಾಳೆ ಅಲ್ಲ, ಬರೋ ವಾರದ ಗುರುವಾರ ಹತ್ತೂವರೆಗೆ ಪುರಸಭೆಯೋರು ನೋಡಕ್ ಬತ್ತಾರೆ. ನೀವು ವರ್ಸಾ ವರ್ಸಾ ಅಲ್ಲಿಂದ ಹೊಡೀತಿದ್ರಲ್ಲ… ನನ್ ಗಾಡಿ ಯಾವ್ದ್ರಲ್ಲಾದ್ರೂ ಬಿದ್ದದಾ?"

ಹೇಳಿದೆ: "ನಾನು ತೆಗೆಯುವುದು ಬೆಟ್ಟ."
"ಬೆಟ್ಟ ಎಲ್ಲಿಗ್ ಹೋಗ್ತದೆ ಸಾಮಿ? ನಾಳೇನೂ ಅಲ್ಲೇ ಇರ್ತದೆ."

12 ಡಿಸೆಂಬರ್, ಗುರುವಾರ. ಬಡವನಹಳ್ಳಿಯಿಂದ ವಾಪಸ್ಸು. ಸಂಜೆ 6

ನಾಲ್ಕು ಡೇರಿ. ಮೂರು ಸರಿ, ಒಂದು 0.2 ಕಡಿಮೆ ತೋರಿಸುತ್ತಿತ್ತು. ಮಧ್ಯಾಹ್ನ ಪೂರ್ತಿ ಅದರ ಮುಂದೆ.

ಲಾಡ್ಜಿಗೆ ಬಂದರೆ ಕೌಂಟರಿನ ಹತ್ತಿರ ಮೂವರು. ಲಕ್ಷ್ಮೀಪತಿ, ಮಹಾಲಕ್ಷ್ಮಮ್ಮ, ಬೀದಿಯ ಹಿರಿಯರು ದೊಡ್ಡಹನುಮಯ್ಯ. ನ್ಯಾಯ ನಡೆಯುತ್ತಿತ್ತು. ಮೆಟ್ಟಿಲ ಕಡೆಗೆ ಹೊರಟೆ.

"ಸಾರ್, ಒಂದ್ನಿಮಿಷ." ಲಕ್ಷ್ಮೀಪತಿ ಗೋಡೆಯಿಂದ ಫ್ರೇಮು ಇಳಿಸಿದರು. ನಾನು ಕೊಟ್ಟ ಫೋಟೋ. 2019ರದ್ದು. ಲಾಡ್ಜಿಗೆ ಬಣ್ಣ ಹೊಡೆಸಿದ ವರ್ಷ ದೊಡ್ಡದು ಮಾಡಿಸಿ ಕೊಟ್ಟಿದ್ದೆ. ಕೆಳಗೆ ನನ್ನದೇ ಅಕ್ಷರ — ರೂಮ್ 12, 11-12-2019, ಬೆಳಗ್ಗೆ 7.10.
"ಇದು ನೀವೇ ತೆಗ್ದದ್ದಲ್ವಾ?"
"ಹೌದು."
"ತಾರೀಕೂ ಸರಿಯಾಗಿ ಅದೆ ಅಲ್ವಾ?"
"ಸರಿಯಾಗಿದೆ."
"ನೋಡಿ ಹನುಮಯ್ಯ. ಕರೋನಾಕ್ಕೆ ಮುಂಚೆ. ಇವ್ರ ಮನೆ ಹಿಂದ್ಗಡೆ ಗೋಡೆ ಒಂದೇ ಸಮ ಅದೆ. ಬಾಗ್ಲೂ ಇಲ್ಲ, ಗಾಡೀನೂ ಇಲ್ಲ."

ದೊಡ್ಡಹನುಮಯ್ಯ ಕನ್ನಡಕ ಏರಿಸಿ ನೋಡಿದರು. "ಪೋಟ ಸುಳ್ ಹೇಳಕ್ಕಿಲ್ಲ ಕಣಮ್ಮ."
"ಅಂಗಾರೆ ನಾನು ಹೇಳ್ತೀನಾ?" ಮಹಾಲಕ್ಷ್ಮಮ್ಮ ಫ್ರೇಮು ನೋಡಲಿಲ್ಲ. ನನ್ನ ಕಡೆ ನೋಡಿದರು. "ಆವತ್ತು ಗಾಡಿ ಎಲ್ಲಿತ್ತು ಅಂತ ಆ ಬೆಟ್ಟಾನೇ ಹೇಳ್ಬೇಕು ಬುಡಿ."

ರೂಮಿಗೆ ಬಂದೆ. ಊಟಕ್ಕೆ ಇಳಿಯಲಿಲ್ಲ.

ಬರೆದುಬಿಡುತ್ತೇನೆ. ಆ ಫೋಟೋದ ಎಡಗಡೆಯ ಕೆಳಮೂಲೆ ಕತ್ತರಿಸಿದ್ದು ನಾನು. ಅಲ್ಲಿ ನೀಲಿ ಟಾರ್ಪಾಲು ಹೊದೆಸಿದ ಗಾಡಿ ಇತ್ತು, ಕಣ್ಣಿಗೆ ಚುಚ್ಚುತ್ತಿತ್ತು. ಬೆಟ್ಟ ಚೆನ್ನಾಗಿ ಬಂದಿತ್ತು. ಎಡಗಡೆಯಿಂದ ಒಂದಿಷ್ಟು, ಕೆಳಗಿನಿಂದ ಒಂದಿಷ್ಟು… ಕತ್ತರಿಸಬಾರದೆಂಬುದು ನನ್ನದೇ ನಿಯಮ. ಉಳಿದ ಊರುಗಳ ಒಂದು ಫೋಟೋ ಮುಟ್ಟಿಲ್ಲ. ಈ ಕಿಟಕಿಯವನ್ನು ಮಾತ್ರ, ಒಂಬತ್ತರಲ್ಲಿ ಎಂಟನ್ನು. ಈ ವರ್ಷದ್ದು ಇನ್ನೂ ಉಳಿದಿದೆ. ಮೂಲಪ್ರತಿಗಳನ್ನು ಅಳಿಸಿಯಾಗಿದೆ.

ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟೆ. ಎರಡು ಪ್ರಶ್ನೆ, ಎರಡು ಉತ್ತರ.

14 ಡಿಸೆಂಬರ್, ಶನಿವಾರ. ಪಾವಗಡ. ಬೆಳಗ್ಗೆ 7.20

ನಿನ್ನೆ ಬರೆಯಲಿಲ್ಲ.

ಹೊಸ ಲಾಡ್ಜು. ಹಳೆಯದರಲ್ಲಿ ಸೋಲಾರ್ ಕೆಲಸದವರು ತುಂಬಿದ್ದಾರೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕೈಚಾಚಿದರೆ ಸಿಗುತ್ತದೆ. ಬಾಗಿಲಲ್ಲಿ ನಿಂತ ಮ್ಯಾನೇಜರ್ ತಿಪ್ಪೇಶನಿಗೆ ಸಂಕೋಚವೇನಿಲ್ಲ.
"ಕಿಟಕಿ ಉಂದಿ ಸಾರ್! ಏಂ ಕನಪಡದು, ಅಷ್ಟೇ." ಕಿಟಕಿ ಇದೆ, ಏನೂ ಕಾಣದು. "ಬೆಟ್ಟ ಬೇಕಂದ್ರೆ ಟೆರೇಸ್ ಮೇಲಕ್ ಬನ್ನಿ, ಫ್ರೀ."

ಗೋಡೆ ಬಂದರೆ ಗೋಡೆ. ತೆಗೆದೆ. ಸಿಮೆಂಟಿನ ಮೇಲೆ ಗಾರೆಯವನ ಬೆರಳ ಗುರುತು, ಒಂದು ಹಲ್ಲಿ, ಮೇಲೆ ಎರಡು ಇಂಚು ಆಕಾಶ. ನೋಡುತ್ತ ಹೋದಂತೆ ಕೆಟ್ಟದಾಗಿಲ್ಲ. ನಕ್ಕೆ.

ಸಂಜೆ ವೇದಾವತಿಗೆ ಎಲ್ಲ ಹೇಳಿದೆ. ಕೇಳಿಸಿಕೊಂಡಳು.
"ಆ ವರ್ಷದ ಪೂರ್ತಿ ಫೋಟೋ ನನ್ನ ಹಳೇ ಮೊಬೈಲ್‌ನಲ್ಲಿದೆ ರೀ, ನೀವೇ ಹಾಕಿ ಕೊಟ್ಟಿದ್ದು."
"ಅಳಿಸು ಅಂದಿದ್ದೆನಲ್ಲ."
"ಅಂದಿದ್ರಿ. ಅಳಿಸ್ಲಿಲ್ಲ. ಗಾಡಿ ಪಕ್ಕ ಒಬ್ಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನೇರ ನಿಮ್ಮನ್ನೇ ನೋಡ್ತಿದ್ದಾಳೆ. ನೀವು ತೆಗೆದಿದ್ರಲ್ಲೆಲ್ಲ ಮನುಷ್ಯರು ಇರೋದು ಅದೊಂದರಲ್ಲೇ. ಅಳಿಸೋಕೆ ಮನಸ್ಸಾಗ್ಲಿಲ್ಲ."
ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ. ಅವಳು ಮುಂದುವರಿಸಿದಳು.
"ಮಷೀನು 3.7 ತೋರಿಸಿದ್ರೆ ಸಂಜೆವರೆಗೂ ಎದ್ದು ಬರಲ್ಲ ನೀವು. ಇದನ್ನ ಮಾತ್ರ ಹಂಗೇ ಬಿಟ್ಟು ಬಸ್ ಹತ್ತಿದ್ರಾ?"

ಮೊಬೈಲಿನ ಚಾರ್ಜರ್ ಸಿಗುತ್ತಿಲ್ಲವಂತೆ. ಹುಡುಕುತ್ತಾಳೆ.

16 ಡಿಸೆಂಬರ್, ಸೋಮವಾರ. ಪಾವಗಡ. ಸಂಜೆ 7

ವಳ್ಳೂರು ಡೇರಿ. ಕಿಟಕಿಯಿಂದ ದಿಗಂತದವರೆಗೂ ಸೋಲಾರ್ ಹಲಗೆ, ನೀಲಿ ಕೆರೆಯ ಹಾಗೆ. ಅಂಚಿನಲ್ಲಿ ಒಂದು ಎಮ್ಮೆ. ತೆಗೆಯಲಿಲ್ಲ, ಡೇರಿ ಲಾಡ್ಜಲ್ಲ. ಕಾರ್ಯದರ್ಶಿ ರಾಜಲಕ್ಷ್ಮಮ್ಮ ಮಷೀನಿನ ಪಕ್ಕ ಕೂತು ಪ್ರತಿ ಅಂಕಿಯನ್ನೂ ಗಟ್ಟಿಯಾಗಿ ಓದಿದರು. "ಕರೆಕ್ಟಾ ಸಾರ್? ಕರೆಕ್ಟಾ?" ಕರೆಕ್ಟು. ಊಟಕ್ಕೆ ಜೋಳದ ರೊಟ್ಟಿ, ಕಡಲೆಕಾಯಿ ಚಟ್ನಿ. ಒಳ್ಳೆಯ ದಿನ.

ಲಕ್ಷ್ಮೀಪತಿ ಸುಳ್ಳುಗಾರರಲ್ಲ. ಅವರು ಲಾಡ್ಜಿಗೆ ಬಂದದ್ದೇ 2020ರಲ್ಲಿ. ಅದಕ್ಕೆ ಹಿಂದಿನದು ಅವರಿಗೆ ಗೊತ್ತಿರುವುದು ಆ ಫ್ರೇಮಿನಿಂದ. ನಂಬಿದ್ದಾರೆ — ನನ್ನನ್ನು.

ಬರೆಯಲು ಕೂರುವ ಮೊದಲು ಅನುವಾದಕರ ಮುನ್ನುಡಿ ಮತ್ತೆ ಓದಿದೆ. ಬಿಟ್ಟಿದ್ದೇನೆ ಎಂದಾದರೂ ಆ ಮನುಷ್ಯ ಹೇಳಿದ್ದಾರೆ. ಅಡಿಗೆರೆ ಅಳಿಸಿದೆ.

ಚಾರ್ಜರ್ ಇನ್ನೂ ಸಿಕ್ಕಿಲ್ಲ.

17 ಡಿಸೆಂಬರ್, ಮಂಗಳವಾರ. ಶಿರಾ

"ಆವೋ ಸಾಬ್, ಆವೋ. ಕಿಟಕಿ ಗ್ಲಾಸು ಸಾಫ್ ಮಾಡ್ಸಿದೀನಿ ನಿಮಗೋಸ್ಕರ." ಲಾಡ್ಜಿನ ಖಲೀಲ್. ಸಾಫ್ ಮಾಡಿಸಿದ್ದು ಒಳಗಡೆ ಮಾತ್ರ. ಚಹಾ ಚೆನ್ನಾಗಿತ್ತು.

ವೇದಾವತಿ ಪಕ್ಕದ ಮನೆಯ ಚಾರ್ಜರ್ ತಂದಳು. ಹಳೇ ಮೊಬೈಲು ಆನ್ ಆಯಿತು. ಸಂಜೆ 6.15ಕ್ಕೆ ಫೋಟೋ ಬಂತು. ಡಾಕ್ಯುಮೆಂಟ್ ಆಗಿ ಕಳಿಸು ಅಂದಿದ್ದೆ, ಇಲ್ಲದಿದ್ದರೆ ಫೈಲಿನ ತಾರೀಕು ಹೋಗುತ್ತದೆ. ಉಳಿದಿದೆ. 11-12-2019, 7.10.

ಬೆಟ್ಟ. ಗೋಡೆ. ಗೋಡೆಯ ಕೊನೆಗೆ ಹಸಿರು ಬಣ್ಣದ ಹಿತ್ತಲ ಬಾಗಿಲು, ಬಣ್ಣ ಆಗಲೇ ಅರ್ಧ ಎದ್ದಿದೆ. ನೀಲಿ ಟಾರ್ಪಾಲು. ಮಹಾಲಕ್ಷ್ಮಮ್ಮ. ನಿಜ, ನನ್ನನ್ನೇ ನೋಡುತ್ತಿದ್ದಾರೆ. ನಾನು ಬೆಟ್ಟ ನೋಡುತ್ತಿದ್ದೆ.

ಚಿತ್ರವಾಗಿ ಇದೇ ಮೇಲು. ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

18 ಡಿಸೆಂಬರ್, ಬುಧವಾರ. ಶಿರಾ. ಸಂಜೆ 6.30

ಕೊನೆಯ ಡೇರಿ ಮುಗಿಯಿತು. ಬ್ಯಾಗು ಕಟ್ಟಿದ್ದೇನೆ. ನಾಳೆ ಬೆಳಗ್ಗೆ ಮೈಸೂರು ಬಸ್ಸು ಎಂದು ಆಫೀಸಿಗೆ ಹೇಳಿಯಾಗಿತ್ತು.

ಖಲೀಲರ ಅಣ್ಣನ ಮಗಳು ಸುಮಯ್ಯ ಕೆಳಗೆ ಫೋಟೋ ಸ್ಟುಡಿಯೋ ಇಟ್ಟಿದ್ದಾಳೆ. ಕಂಪ್ಯೂಟರಿನಲ್ಲಿ ಫೈಲು ತೆರೆದಳು.
"ಬೆಟ್ಟ ಸೂಪರ್ ಆಗಿದೆ ಸರ್. ಆದ್ರೆ ಈ ಮೂಲೇಲಿ ಗಾಡಿ ಬಂದ್ಬಿಟ್ಟಿದೆ. ಕ್ರಾಪ್ ಮಾಡ್ಲಾ? ಎರಡ್ ಸೆಕೆಂಡ್ ಕೆಲಸ."
"ಬೇಡ."
"ನೋಡಿ, ಹಿಂಗೆ ಮಾಡಿದ್ರೆ —" ಮಾಡಿ ತೋರಿಸಿದಳು. ಸರಿಯಾಗಿ ನಾನು ಕತ್ತರಿಸಿದ ಜಾಗದಲ್ಲೇ. "ಕ್ಲೀನ್ ಆಯ್ತಲ್ಲ?"
"ವಾಪಸ್ ಹಾಕಮ್ಮ."
"ಪೂರ್ತಿ ಬೇಕಾ?"
"ಪೂರ್ತಿ. ಎರಡು ಪ್ರತಿ. ತಾರೀಕು ಕೆಳಗೆ ಬರಲಿ."
ಹಿಂದೆ ನಿಂತು ನೋಡುತ್ತಿದ್ದ ಖಲೀಲ್ ಕೇಳಿದರು, "ಯಾರು ಸಾಬ್, ಈ ಅಮ್ಮ? ನಿಮ್ಮೇಲೆ ಗುಸ್ಸಾ, ಕೋಪ ಇದ್ದಂಗಿದೆ."
"ಹೌದು," ಅಂದೆ.

ಈಗ ರೂಮಿನಲ್ಲಿ. ಎರಡು ಪ್ರತಿ ಮೇಜಿನ ಮೇಲೆ. ಪುರಸಭೆಯವರು ಬರುವುದು ನಾಳೆ ಹತ್ತೂವರೆಗೆ. ಪ್ರತಿಗಳನ್ನು ಕೊರಿಯರ್ ಮಾಡಿದರೆ ಶನಿವಾರ. ವಾಟ್ಸಾಪ್ ಮಾಡಿದರೆ ಐದು ನಿಮಿಷ, ಆದರೆ ಫ್ರೇಮಿನ ಮೇಲೆ ನನ್ನ ಅಕ್ಷರವಿದೆ. ಯಾವುದು ನಿಜವೆಂದು ಹೇಳಬೇಕಾದವನು ಮೊಬೈಲಲ್ಲ.

ತೀರ್ಮಾನ: ಬೆಳಗ್ಗೆ 6.40ರ ಮಧುಗಿರಿ ಬಸ್ಸು. ಮೊದಲ ಪ್ರತಿ ಲಕ್ಷ್ಮೀಪತಿಯವರ ಕೈಗೆ, ಎಲ್ಲರೂ ಸೇರುವ ಮೊದಲೇ. ಬೆನ್ನ ಹಿಂದೆ ಕೊಡುವುದು ಬೇಡ. ಎರಡನೆಯದು ಮಹಾಲಕ್ಷ್ಮಮ್ಮನಿಗೆ. ದೊಡ್ಡಹನುಮಯ್ಯನವರೂ ಇರಬೇಕು. ಹೇಳುವುದು ಒಂದೇ ವಾಕ್ಯ: ಕತ್ತರಿಸಿದ್ದು ನಾನು. ನಾಲ್ಕು ಸಲ ಬಾಯಲ್ಲಿ ಹೇಳಿ ನೋಡಿದೆ. ಪರವಾಗಿಲ್ಲ.

ರೂಮ್ 12 ಮುಂದಿನ ವರ್ಷ ಸಿಗಲಿಕ್ಕಿಲ್ಲ. ಮಧುಗಿರಿಯಲ್ಲಿ ಬೇರೆ ಲಾಡ್ಜುಗಳಿವೆ, ಗೋಡೆ ಕಾಣುವಂಥವು. ಹಲ್ಲಿ ಇದ್ದರೂ ಇರಬಹುದು.

ವೇದಾವತಿಗೆ ಹೇಳಿದೆ. "ಬಜ್ಜಿ ತಿಂದು ಬನ್ನಿ," ಅಂದಳು.

ಲಕ್ಷ್ಮೀಪತಿಯವರಿಗೆ ಈಗಲೇ ಫೋನಿನಲ್ಲಿ ಹೇಳಿಬಿಡುವುದೋ, ಹೋಗಿ ಹೇಳುವುದೋ — ಹೋಗಿಯೇ. ಅಲಾರಂ 5.30ಕ್ಕೆ.